ತೆರೆಯ ಮೇಲಿನ ಗುರು, ಮನೆಯೊಳಗಿನ ಸ್ಯಾಕ್ಸೊಫೋನ್

ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದ ಸಂಗತಿಯನ್ನು ಈ ಅವಳಿನಗರದವರಾದ ನಾವು ಅಭಿಮಾನದಿಂದ ನೆನೆಯುತ್ತೇವೆ. ಇಂದು ನಮ್ಮ ಮಕ್ಕಳಿಗೆ ಗುರುಗಳೇ ಮನೆಗೆ ಬರುತ್ತಾರೆ, ಅಂಗೈಯಗಲದ ತೆರೆಯ ಮೇಲೆ. 2020ರ ಕೋವಿಡ್ ದಿಗ್ಬಂಧನದ ದಿನಗಳಲ್ಲಿ ಬೇರೂರಿದ ಈ ಆನ್‌ಲೈನ್ ಪಾಠ, ಗುರು ಸುಲಭವಾಗಿ ದೊರೆಯದ ಸ್ಯಾಕ್ಸೊಫೋನಿನಂತಹ ವಾದ್ಯಕ್ಕೆ ವರದಾನವೇ ಸರಿ. ಆದರೆ ಸ್ವರಲಿಪಿ ನೋಡಿ ನುಡಿಸಲು ಕಲಿತ ಮಗು ಮುಂದಿನ ಮೆಟ್ಟಿಲಾದ ಇಂಪ್ರೊವೈಸೇಷನ್‌ಗೆ, ಅಂದರೆ ನಮ್ಮ ಸಂಗೀತಗಾರರು ಮನೋಧರ್ಮವೆನ್ನುವ ಆಶುವಾದನಕ್ಕೆ ಕಾಲಿಟ್ಟಾಗ ಈ ಪದ್ಧತಿ ಎಷ್ಟರಮಟ್ಟಿಗೆ ಒದಗೀತು? ಶುಲ್ಕ ಕಟ್ಟುವ ಮುನ್ನ ಪಾಲಕರು ಯೋಚಿಸಬೇಕಾದ ಪ್ರಶ್ನೆಯಿದು.

ತೊಡಕಿರುವುದು ಗುರುವಿನಲ್ಲಲ್ಲ, ಕಾಲದಲ್ಲಿ. ಕೂಡಿ ನುಡಿಸುವಾಗ ಒಬ್ಬರ ನಾದ ಮತ್ತೊಬ್ಬರ ಕಿವಿಗೆ ಸುಮಾರು 30 ಮಿಲಿಸೆಕೆಂಡಿಗಿಂತ ತಡವಾಗಿ ಮುಟ್ಟಿದರೆ ಲಯ ಜಾರತೊಡಗುತ್ತದೆ. ಸಾಮಾನ್ಯ ವಿಡಿಯೊ ಕರೆಯಲ್ಲಿ ಈ ವಿಳಂಬ ನೂರನ್ನೂ ಮೀರುವುದುಂಟು. ಆದ್ದರಿಂದ ಗುರುಶಿಷ್ಯರು ಸರದಿಯಂತೆ ನುಡಿಸಬಹುದೇ ಹೊರತು ಜೊತೆಯಾಗಿ ಅಲ್ಲ. ಮೇಲಾಗಿ, ಮಾತಿಗೆಂದೇ ರಚಿತವಾದ ಈ ತಂತ್ರಾಂಶಗಳು ದೀರ್ಘಸ್ವರವನ್ನು ಗದ್ದಲವೆಂದು ಬಗೆದು ನುಂಗಿಬಿಡುತ್ತವೆ. (ನೆರೆಮನೆಯವರ ಅಭಿಪ್ರಾಯವೂ ಕೆಲವೊಮ್ಮೆ ಅದೇ!) ಝೂಮ್‌ನಲ್ಲಿ ಮೂಲಧ್ವನಿಯನ್ನು ಹಾಗೆಯೇ ಕಳುಹಿಸುವ ಏರ್ಪಾಡಿದೆ, ಪಾಠಕ್ಕೆ ಮೊದಲೇ ಅದನ್ನು ಆರಿಸಿಕೊಳ್ಳಬೇಕು. ಪಕ್ಕವಾದ್ಯದ ಧ್ವನಿಮುದ್ರಣವು ಗುರುವಿನ ಕಡೆಯಿಂದಲ್ಲ, ಶಿಷ್ಯನ ಕೋಣೆಯಲ್ಲಿಯೇ ನುಡಿಯಬೇಕು. ಆಗ ಎರಡೂ ಒಟ್ಟಿಗೇ ತಡವಾಗಿ ತಲಪುವುದರಿಂದ, ತಾಳ ಎಲ್ಲಿ ತಪ್ಪಿತೆಂಬುದು ಗುರುವಿಗೆ ಸ್ಪಷ್ಟವಾಗುತ್ತದೆ.

ಇಷ್ಟಾದರೂ ಆಶುವಾದನವೆಂಬುದು ಒಂದು ಸಂಭಾಷಣೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರನ್ನೇ (1949–2019) ನೋಡೋಣ. ನಾಗಸ್ವರದ ಮನೆತನದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಕೀಲಿಗಳಿಂದ ಬಿಗಿದ ಆ ಪಾಶ್ಚಾತ್ಯ ವಾದ್ಯದಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ಶ್ರಮಿಸಿದರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ಅವರೊಡನೆ ವೇದಿಕೆಯಲ್ಲಿ ನುಡಿಸಿದರು. ಒಬ್ಬರದು ರಾಗ, ಇನ್ನೊಬ್ಬರದು ಜಾಝ್. ಎದುರುಬದುರು ನಿಂತದ್ದರಿಂದಲೇ ಸವಾಲು ಜವಾಬು ಸಾಧ್ಯವಾಯಿತು. ಕರ್ನಾಟಕ ಮೂಲದ ಭೌತವಿಜ್ಞಾನಿಯೊಬ್ಬರ ಮಗ, ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ, ವಿದ್ಯಾರ್ಥಿದೆಸೆಯಲ್ಲಿ ಅಣ್ಣ ಕೊಟ್ಟ ಧ್ವನಿಮುದ್ರಿಕೆಯಿಂದ ಗೋಪಾಲನಾಥರ ಪರಿಚಯ ಮಾಡಿಕೊಂಡರು. ಇದೂ ದೂರಶಿಕ್ಷಣವೇ. ಆದರೆ 2008ರಲ್ಲಿ ಹೊರಬಂದ 'ಕಿನ್ಸ್‌ಮೆನ್' ಮೂಡಿದ್ದು ಇಬ್ಬರೂ ಜೊತೆಗೂಡಿ ನುಡಿಸಿದ ಮೇಲೆಯೇ.

ಆ ಒಡನಾಟವನ್ನು ನಾವು ಊರಿನಲ್ಲಿಯೇ ಒದಗಿಸಿಕೊಡಬೇಕು. ಇದರಲ್ಲಿ ಹುಬ್ಬಳ್ಳಿ ಧಾರವಾಡದಷ್ಟು ಭಾಗ್ಯಶಾಲಿ ಊರುಗಳು ವಿರಳ. ಕಿರಾನಾ ಘರಾನೆಯ ಗಾಯಕರು ಷಡ್ಜದಿಂದ ತೊಡಗಿ, ಅವಸರಿಸದೆ, ಒಂದೊಂದೇ ಸ್ವರವನ್ನು ಸೇರಿಸುತ್ತ ರಾಗವನ್ನು ಬೆಳೆಸುವ ಬಢತ್ ಸ್ಯಾಕ್ಸೊಫೋನ್ ಕಲಿಯುವವರಿಗೂ ಉತ್ಕೃಷ್ಟ ಪಾಠ. ಹೊಸದಾಗಿ ಆಶುವಾದನಕ್ಕಿಳಿದ ಮಕ್ಕಳು ಒಮ್ಮೆಗೇ ಬೆರಳ ವೇಗವನ್ನೆಲ್ಲ ಸುರಿದುಬಿಡುತ್ತಾರೆ. ಮೂರೇ ಸ್ವರಗಳಲ್ಲಿ ಐದು ನಿಮಿಷ ನುಡಿಸೆಂದರೆ ತಬ್ಬಿಬ್ಬಾಗುತ್ತಾರೆ. ಮೊದಲು ಬಾಯಲ್ಲಿ ಹಾಡಿ, ಅನಂತರ ವಾದ್ಯದಲ್ಲಿ ಹುಡುಕಲಿ. ನಗರದ ಕಚೇರಿಗಳಿಗೆ ನಾವೂ ಅವರ ಜೊತೆ ಹೋಗಿ ಕೂರೋಣ.

ನಮ್ಮ ದೇವಾಲಯದ ಗಾಯನವೃಂದವೂ ಇದೆ. 1963ರ ವ್ಯಾಟಿಕನ್ ಮಹಾಸಭೆಯ ಆರಾಧನಾವಿಧಿಯ ಸಂವಿಧಾನ ಪೈಪ್ ಆರ್ಗನ್ನಿಗೆ ಅಗ್ರಸ್ಥಾನ ಕೊಟ್ಟರೂ, ಪವಿತ್ರ ಬಳಕೆಗೆ ಒಪ್ಪುವ ಇತರ ವಾದ್ಯಗಳಿಗೆ ಅಧಿಕಾರಿಗಳ ಸಮ್ಮತಿಯೊಡನೆ ಅವಕಾಶ ನೀಡಿದೆ. ಬಲಿಪೂಜೆಯಲ್ಲಿ ವಾದ್ಯ ಗೀತೆಗೆ ಹೆಗಲಾಗಿರಬೇಕು. ಸ್ವಚ್ಛಂದ ವಾದನದ ಸ್ಥಳ ಅದಲ್ಲ. ಆದರೆ ಅಭ್ಯಾಸ ಮುಗಿದ ಬಳಿಕ ಕೀಬೋರ್ಡಿನವರೂ ತಬಲಾದವರೂ ಅರ್ಧ ಗಂಟೆ ನಿಂತು, ಪರಿಚಿತ ಗೀತೆಯೊಂದರ ಎರಡು ಚರಣಗಳ ನಡುವೆ ಮಗುವಿಗೆ ಎಂಟು ಆವರ್ತ ಬಿಟ್ಟುಕೊಡಬಹುದು. ಅವರು ಒಂದು ಅಂಶ ಗಮನಿಸಲಿ: ಆಲ್ಟೊ ಸ್ಯಾಕ್ಸೊಫೋನ್ ಇ-ಫ್ಲ್ಯಾಟ್ ವಾದ್ಯವಾದ್ದರಿಂದ, ಕೀಬೋರ್ಡು ಸಿ ಮೇಜರಿನಲ್ಲಿದ್ದರೆ ಮಗು ಎ ಮೇಜರಿನಲ್ಲಿ, ಮೂರು ಶಾರ್ಪ್‌ಗಳೊಡನೆ ನುಡಿಸಬೇಕಾಗುತ್ತದೆ. ಕೀಬೋರ್ಡಿನವರು ಇ-ಫ್ಲ್ಯಾಟಿಗೆ ಸರಿದರೆ ಆ ಮೂರೂ ಮಾಯವಾಗುತ್ತವೆ.