ಮುಖ ನೋಡಿ ಮಾಡೆಲ್ ಹೇಳಬೇಡಿ: ಹಳೆಯ ಅಂಬಾಸಿಡರ್ ಗುರುತಿಸುವ ಬಗೆ

ನರಗುಂದ ತಾಲ್ಲೂಕಿನ ಶಿರೋಳದಲ್ಲಾಗಲಿ, ಸುತ್ತಲಿನ ಊರುಗಳಲ್ಲಾಗಲಿ ಅಜ್ಜನ ಕಾಲದ ಅಂಬಾಸಿಡರ್ ಶೆಡ್ಡಿನಲ್ಲಿ ನಿಂತಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಎರಡು ಸಂಗತಿ ತಿಳಿಯಬೇಕು: ಅದು ಯಾವ ಮಾಡೆಲ್, ಮತ್ತು ಕಾನೂನಿನ ಪ್ರಕಾರ ‘ವಿಂಟೇಜ್’ ಆಗುತ್ತದೆಯೇ?

ಮೊದಲು ವಂಶಾವಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಎರಡನೇ ಸರಣಿಯನ್ನು ಹಿಂದುಸ್ತಾನ್ ಮೋಟಾರ್ಸ್ ‘ಲ್ಯಾಂಡ್‌ಮಾಸ್ಟರ್’ ಹೆಸರಿನಲ್ಲಿ ತಯಾರಿಸುತ್ತಿತ್ತು. ಮೂರನೇ ಸರಣಿಯ ವಿನ್ಯಾಸವೇ 1957ರಲ್ಲಿ ಅಂಬಾಸಿಡರ್ ಆಯಿತು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರವರೆಗೂ ಅದು ತಯಾರಾಯಿತು. ಅಷ್ಟು ವರ್ಷ ಮೈಕಟ್ಟು ಹೆಚ್ಚುಕಡಿಮೆ ಅದೇ. ಬದಲಾಗಿದ್ದು ಮುಂದಿನ ಜಾಲರಿ, ದೀಪ, ಡ್ಯಾಶ್‌ಬೋರ್ಡ್ ಮತ್ತು ಎಂಜಿನ್.

ಜಾಲರಿ ನೋಡಿ ಅಂದಾಜು ಮಾಡಬಹುದು. ಚೌಕುಳಿ ಜಾಲರಿಯದು 1960ರ ದಶಕದ ಆರಂಭದಲ್ಲಿ ಬಂದ ಮಾರ್ಕ್ 2. ಅಡ್ಡಪಟ್ಟಿಗಳ ಜಾಲರಿ, ಅದರಿಂದ ಬೇರೆಯಾಗಿ ಕೂತ ದುಂಡು ಇಂಡಿಕೇಟರ್ ಇದ್ದರೆ 1975ರ ಮಾರ್ಕ್ 3. ಜಾಲರಿ ಇನ್ನೂ ಚಿಕ್ಕದಾಗಿ, ಒತ್ತೊತ್ತಾದ ಚೌಕುಳಿಯಿದ್ದರೆ ಮಾರ್ಕ್ 4. ಸ್ಟೇರಿಂಗ್ ಪಕ್ಕದ ಗೇರು ಹೋಗಿ ನೆಲದಿಂದ ಎದ್ದ ಐದು ಗೇರಿನ ಕೋಲು ಬಂದದ್ದು 1990ರ ದಶಕದಲ್ಲಿ, 1800 ಸಿಸಿ ಇಸುಜು ಎಂಜಿನ್ನಿನ ಜೊತೆಗೆ.

ಆದರೆ ಇದು ಅಂದಾಜು ಮಾತ್ರ. ಒಂದು ಮಾಡೆಲ್ಲಿನ ಬಿಡಿಭಾಗ ಇನ್ನೊಂದಕ್ಕೆ ಸಲೀಸಾಗಿ ಕೂಡುತ್ತಿದ್ದುದರಿಂದ, ಒಮ್ಮೆ ಗುದ್ದಿಸಿಕೊಂಡ ಮಾರ್ಕ್ 2 ಗ್ಯಾರೇಜಿನಿಂದ ಮಾರ್ಕ್ 4ರ ಮುಖ ಹೊತ್ತು ಬರಬಹುದಿತ್ತು. ಆದ್ದರಿಂದ ಬಾನೆಟ್ ಎತ್ತಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡಿ. ತಯಾರಾದ ವರ್ಷ, ಮೊದಲ ನೋಂದಣಿಯ ದಿನಾಂಕ ಅಲ್ಲೇ ಸಿಗುತ್ತವೆ.

ನಂಬರ್ ಪ್ಲೇಟೂ ಸುಳಿವು ಕೊಡುತ್ತದೆ. ಗದಗಿನ ‘ಕೆಎ 26’ರಂಥ ಸಂಖ್ಯೆಗಳು 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾದ ಮೇಲಿನವು. ಅದಕ್ಕೂ ಹಿಂದೆ ‘ಎಂವೈ’, ‘ಎಂಇ’ಯಿಂದ ಶುರುವಾಗುವ ಮೂರಕ್ಷರದ ಸಂಖ್ಯೆಗಳಿದ್ದವು. 1956ರ ಏಕೀಕರಣದ ತನಕ ಈ ಭಾಗ ಮುಂಬೈ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದರಿಂದ, ಲ್ಯಾಂಡ್‌ಮಾಸ್ಟರ್ ಸಿಕ್ಕರೆ ಅದರ ಮೂಲ ದಾಖಲೆ ಮುಂಬೈ ರಾಜ್ಯದ್ದಿರಬಹುದು. ಹೊರರಾಜ್ಯದಿಂದ ಬಂದು ಮರುನೋಂದಣಿಯಾದ ಹಳೆಯ ಗಾಡಿಗೂ ಕೆಎ ಸಂಖ್ಯೆ ಇರುತ್ತದೆ; ಪ್ಲೇಟ್ ನೋಡಿ ವಯಸ್ಸು ತೀರ್ಮಾನಿಸಬೇಡಿ.

ಇನ್ನು ಕಾನೂನು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ವಿಂಟೇಜ್ ಎನ್ನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು. ಮಾರ್ಕ್ 2ರವರೆಗಿನವು ಈ ಗೆರೆ ದಾಟಿವೆ. ಮಾರ್ಕ್ 3 ಈಗಷ್ಟೇ ಹೊಸ್ತಿಲಿಗೆ ಬಂದಿದೆ. ವಾಹನ ಸ್ವಂತ ಬಳಕೆಯದಾಗಿರಬೇಕು. ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಅರ್ಜಿಯೊಂದಿಗೆ ವಿಮೆ, ಹಳೆಯ ಆರ್‌ಸಿ ಹಾಗೂ 20,000 ರೂಪಾಯಿ ಶುಲ್ಕ ಕೊಡಬೇಕು. ‘ವಿಎ’ ಅಕ್ಷರಗಳಿರುವ ನಂಬರ್ ಸಿಗುತ್ತದೆ. ನೋಂದಣಿ 10 ವರ್ಷ ನಡೆಯುತ್ತದೆ. ಮರುನೋಂದಣಿಗೆ 5,000 ರೂಪಾಯಿ. ಆಮೇಲೆ ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ, ಇಂಧನ ತುಂಬಿಸುವುದು ಮುಂತಾದ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅವಕಾಶವಿಲ್ಲ.

ಎಡವುವುದು ಎಂಜಿನ್ ವಿಷಯದಲ್ಲಿ. ಪೆಟ್ರೋಲ್ ದುಬಾರಿಯೆಂದು 1489 ಸಿಸಿಯ ಮೂಲ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸಿದ ಗಾಡಿ ಎಷ್ಟು ಹಳೆಯದಾದರೂ ಈ ನಿಯಮದಡಿ ವಿಂಟೇಜ್ ಎನ್ನಿಸಿಕೊಳ್ಳುವುದು ಕಷ್ಟ.

ಮೂಲರೂಪ ಹೇಗಿರುತ್ತದೆಂದು ಕಣ್ಣಾರೆ ನೋಡಬೇಕೆನ್ನುವವರು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಅಥವಾ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಬಹುದು. ನಿಮ್ಮ ಗಾಡಿಗೆ ಹೊಸ ಬಣ್ಣ ಆಮೇಲೆ ಹೊಡೆಸಿ. ಮೊದಲು ಆರ್‌ಸಿ ಹುಡುಕಿ, ಮೂಲ ಎಂಜಿನ್ ಉಳಿಸಿಕೊಳ್ಳಿ.