ಗದಗ ಸೀಮೆಯ ಬಾಣಂತನ: ಆಚಾರ ಮತ್ತು ಆರೋಗ್ಯ

ರಾಜವಂಶಗಳ ಏಳುಬೀಳುಗಳನ್ನು ಕುರಿತು ನಮ್ಮಲ್ಲಿ ನಡೆದಷ್ಟು ವಿಚಾರವು ಮನುಷ್ಯನು ಹುಟ್ಟುವ ಕೋಣೆಯನ್ನು ಕುರಿತು ನಡೆದಿಲ್ಲ. ಲಕ್ಷ್ಮೇಶ್ವರವು ಪುಲಿಗೆರೆಯೆಂಬ ಹೆಸರಿನಿಂದ ಶಾಸನಗಳಲ್ಲಿ ಪ್ರಸಿದ್ಧವಾದ ಸ್ಥಳ. ಆದರೆ ಅಲ್ಲಿಯ ತಾಯಂದಿರು ಹಸುಗೂಸುಗಳನ್ನು ಹೇಗೆ ಉಳಿಸಿಕೊಂಡರೆಂಬುದನ್ನು ಅರಿಯಲು ವೈದ್ಯಗ್ರಂಥಗಳನ್ನೂ ಮನೆಮನೆಯ ಆಚಾರಗಳನ್ನೂ ಆಶ್ರಯಿಸಬೇಕಾಗುತ್ತದೆ.

ಸ್ವಾತಂತ್ರ್ಯಪೂರ್ವದಲ್ಲಿ ಗದಗ-ಬೆಟಗೇರಿ ಹಾಗೂ ಮುಂಡರಗಿಗಳು ಬ್ರಿಟಿಶ್ ಆಡಳಿತದ ಧಾರವಾಡ ಜಿಲ್ಲೆಗೂ, ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1997ರಲ್ಲಿ ಈ ಊರುಗಳೆಲ್ಲ ಗದಗ ಜಿಲ್ಲೆಯೊಳಗೆ ಬಂದವು. ಆಳಿಕೆ ಮೂರಾಗಿದ್ದರೂ ಬಾಣಂತನದ ಪದ್ಧತಿ ಬಹುಮಟ್ಟಿಗೆ ಒಂದೇ ಆಗಿ ಉಳಿಯಿತು. ಕುಬಸದ ಕಾರ್ಯ ಮುಗಿದ ಮೇಲೆ ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವ ರೂಢಿಯೇ ಇದಕ್ಕೆ ಮುಖ್ಯ ಕಾರಣವೆನ್ನಬಹುದು. ಹೆಣ್ಣುಮಕ್ಕಳು ಗಡಿ ದಾಟಿ ಹೋಗಿಬರುತ್ತಿದ್ದಂತೆ ಅವರೊಡನೆ ತಿಳಿವಳಿಕೆಯೂ ಹೋಗಿಬರುತ್ತಿತ್ತು.

ಈ ಸಿದ್ಧತೆಯ ಭಾವನೆ ಬಹು ಪ್ರಾಚೀನವಾದುದು. ಒಂಬತ್ತನೆಯ ತಿಂಗಳಿಗೆ ಮೊದಲೇ ಸೂತಿಕಾಗೃಹವನ್ನು ಕಟ್ಟಿಸಬೇಕೆಂದು ಚರಕಸಂಹಿತೆಯು ವಿಧಿಸುತ್ತದೆ. ಪ್ರಸವದಲ್ಲಿ ನುರಿತ, ವಯಸ್ಸಾದ ನಾಲ್ವರು ಸ್ತ್ರೀಯರು ಉಗುರು ಕತ್ತರಿಸಿಕೊಂಡು ಪರಿಚರ್ಯೆಗೆ ನಿಲ್ಲಬೇಕೆಂದು ಸುಶ್ರುತನು ಹೇಳುತ್ತಾನೆ. ಹೊಕ್ಕುಳಬಳ್ಳಿಯನ್ನು ಎಂಟು ಅಂಗುಲ ಅಳೆದು, ದಾರದಿಂದ ಕಟ್ಟಿ ಕತ್ತರಿಸುವ ಕ್ರಮವನ್ನೂ ತಿಳಿಸುತ್ತಾನೆ. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸನು ಕೈತೊಳೆಯುವ ನಿಯಮದಿಂದ ಬಾಣಂತಿಯರ ಮರಣವನ್ನು ತಗ್ಗಿಸಿದ್ದು 1847ರಲ್ಲಿ ಎಂಬುದನ್ನು ನೆನೆದರೆ, ಉಗುರಿನ ಆ ನಿಯಮದ ಬೆಲೆ ತಿಳಿಯುತ್ತದೆ.

ಶಾಸ್ತ್ರದಲ್ಲಿದ್ದ ಈ ಶುಚಿತ್ವ ಎಲ್ಲ ಮನೆಗಳಲ್ಲಿಯೂ ಪಾಲನೆಯಾಗಲಿಲ್ಲ. ಸೂಲಗಿತ್ತಿಯ ಕೈಚಳಕ ಅಲ್ಪವಾದುದಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದುದು ಆ ವಿದ್ಯೆಗೆ ಸಂದ ಗೌರವವೇ ಆಗಿದೆ. ಆದರೆ ಕುದಿಸದ ಕುಡುಗೋಲಿನಿಂದ ಬಳ್ಳಿ ಕತ್ತರಿಸಿದಲ್ಲಿ ಧನುರ್ವಾಯು ತಗಲುತ್ತಿತ್ತು. ಆ ರೋಗದ ಲಕ್ಷಣಗಳು ಸಾಮಾನ್ಯವಾಗಿ ಹುಟ್ಟಿದ ಮೂರನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ ಕಾಣಿಸಿಕೊಳ್ಳುತ್ತವೆ. ಸಟವಿಯು ಕೂಸಿನ ಹಣೆಬರಹ ಬರೆಯುವಳೆಂದು ಜನರು ನಂಬಿ ಜಾಗರಣೆ ಮಾಡುವ ಐದಾರನೆಯ ರಾತ್ರಿಯೂ ಇದೇ ಅವಧಿಯಲ್ಲಿ ಬೀಳುತ್ತದೆ. ಆ ಜಾಗರಣೆಯ ಹಿಂದೆ ಮಕ್ಕಳನ್ನು ಕಳೆದುಕೊಂಡ ತಲೆಮಾರುಗಳ ಭೀತಿ ಅಡಗಿದೆಯೆಂದು ಊಹಿಸುವುದು ಅಸಂಗತವಾಗಲಾರದು. ಗರ್ಭಿಣಿಯರಿಗೆ ಲಸಿಕೆ ಹಾಗೂ ಶುಚಿಯಾದ ಹೆರಿಗೆ, ಇವೆರಡರ ಫಲವಾಗಿ 2015ರಲ್ಲಿ ಭಾರತವು ತಾಯಿ-ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಘೋಷಿತವಾಯಿತು.

ಈ ಪರಿವರ್ತನೆಯಲ್ಲಿ ಆಸ್ಪತ್ರೆಗಳ ಪಾತ್ರ ದೊಡ್ಡದು. 1841ರಲ್ಲಿ ಬೆಟಗೇರಿಯಲ್ಲಿ ನೆಲೆಸಿದ ಬಾಸೆಲ್ ಮಿಶನ್ನಿನವರು ಮುಂದೆ ಅಲ್ಲಿ ಆಸ್ಪತ್ರೆಯನ್ನು ತೆರೆದರು. 2005ರ ಜನನಿ ಸುರಕ್ಷಾ ಯೋಜನೆಯು ಬಡ ಗರ್ಭಿಣಿಯರಿಗೆ ಧನಸಹಾಯವಿತ್ತು ಆಸ್ಪತ್ರೆಯ ಹೆರಿಗೆಯನ್ನು ಪ್ರೋತ್ಸಾಹಿಸಿತು.

ಹಾಗಾದರೆ ಹಳೆಯ ಆಚಾರಗಳನ್ನೆಲ್ಲ ಕೈಬಿಡಬೇಕೆ? ಇಲ್ಲಿ ವಿವೇಕ ಬೇಕು. ತವರಿನ ವಿಶ್ರಾಂತಿ, ಹಿರಿಯರ ಸಾಂಗತ್ಯ, ಕೊಬ್ಬರಿ-ಉತ್ತತ್ತಿಗಳ ಅಂಟಿನ ಉಂಡೆ, ಕಬ್ಬಿಣಾಂಶವುಳ್ಳ ಅಳವಿಯ ಪಾಯಸ, ಇವು ತಾಯಿಗೆ ಬಲ ಕೊಡುವಂಥವು. ಆದರೆ ಮೊದಲ ಗಿಣ್ಣದ ಹಾಲನ್ನು ಹಿಂಡಿ ಚೆಲ್ಲುವುದು ಕೂಸಿನ ಮೊದಲ ರಕ್ಷಣೆಯನ್ನೇ ಚೆಲ್ಲಿದಂತೆ. ಹುಟ್ಟಿದ ಒಂದು ತಾಸಿನೊಳಗೆ ಮೊಲೆಯೂಡಿಸಬೇಕು, ಆರು ತಿಂಗಳವರೆಗೆ ತಾಯಿಹಾಲಲ್ಲದೆ ಬೇರೇನೂ ಬೇಡವೆಂಬುದು ಇಂದಿನ ವೈದ್ಯಮತ. ಶಾಸ್ತ್ರೋಕ್ತವೆಂದು ಜೇನು ನೆಕ್ಕಿಸುವುದೂ ಒಂದು ವರ್ಷ ತುಂಬುವವರೆಗೆ ಅಪಾಯಕರ. ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು ಎಳೆಯ ಶ್ವಾಸಕೋಶಕ್ಕೆ ಕೇಡು. ಬಾಣಂತಿಗೆ ನೀರು ಕಡಿಮೆ ಮಾಡುವುದು ಅವಳ ದೇಹಕ್ಕೆ ಕೇಡು.

ಆಚಾರವು ಹಳೆಯದೆಂಬ ಮಾತ್ರಕ್ಕೆ ಗ್ರಾಹ್ಯವೂ ಅಲ್ಲ, ತ್ಯಾಜ್ಯವೂ ಅಲ್ಲ. ಅದು ಯಾವ ಭಯದಿಂದ ಹುಟ್ಟಿತು, ಯಾವ ಅಗತ್ಯವನ್ನು ಪೂರೈಸಿತು ಎಂಬುದನ್ನು ಶೋಧಿಸಿದ ಮೇಲೆಯೇ ನಿರ್ಣಯಕ್ಕೆ ಬರಬೇಕು. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಿರಿಯ ಹೆಂಗಸರಿಂದ ಈ ಸಂಗತಿಗಳನ್ನು ಕೇಳಿ ಬರೆದಿಡುವುದು ಅತ್ಯಗತ್ಯವಾಗಿದೆ.