ಕಟ್ಟಡದೊಳಗೆ ವಾಕಿಟಾಕಿ ಮಾತನಾಡುತ್ತದೆಯೇ?

ಎಲ್ಲಾದರೂ ಬೆಂಕಿ ಬಿದ್ದರೆ 112ಕ್ಕೋ 101ಕ್ಕೋ ಫೋನ್ ಮಾಡಬೇಕೆಂದು ನಮಗೆಲ್ಲ ಗೊತ್ತು. ಅಗ್ನಿಶಾಮಕ ವಾಹನ ಬರುತ್ತದೆ, ಸಿಬ್ಬಂದಿ ಪೈಪ್ ಹಿಡಿದು ಒಳಗೆ ಹೋಗುತ್ತಾರೆ. ಒಳಗೆ ಹೋದವರು ಹೊರಗೆ ನಿಂತ ಅಧಿಕಾರಿಯ ಜೊತೆ ಹೇಗೆ ಮಾತನಾಡುತ್ತಾರೆ ಎಂದು ನಾವು ಯೋಚಿಸುವುದು ಕಡಿಮೆ. ಅವರು ಮಾತನಾಡುವುದು ವಾಕಿಟಾಕಿಯಲ್ಲಿ. "ನೀರು ಬಿಡಿ", "ಎರಡನೇ ಮಹಡಿಯಲ್ಲಿ ಇಬ್ಬರು ಸಿಕ್ಕಿದ್ದಾರೆ", "ಛಾವಣಿ ಬೀಳುವ ಹಾಗಿದೆ, ಹೊರಗೆ ಬನ್ನಿ" ಇಂಥ ಮಾತುಗಳು ತಲುಪಿದರೆ ಜೀವ ಉಳಿಯುತ್ತದೆ. ಆದರೆ ಕೆಲವು ಕಟ್ಟಡಗಳ ಒಳಗೆ ಈ ಮಾತು ತಲುಪುವುದೇ ಇಲ್ಲ.

ಮೊಬೈಲ್ ಇದೆಯಲ್ಲ ಎಂದು ಕೇಳಬಹುದು. ಮೊಬೈಲ್‌ನಲ್ಲಿ ನಂಬರ್ ಒತ್ತಿ ಒಬ್ಬರು ಇನ್ನೊಬ್ಬರ ಜೊತೆ ಮಾತನಾಡಬೇಕು. ವಾಕಿಟಾಕಿಯಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಆ ಚಾನೆಲ್‌ನಲ್ಲಿರುವ ಎಲ್ಲರಿಗೂ ಒಟ್ಟಿಗೆ ಕೇಳುತ್ತದೆ. ಹೊಗೆಯಲ್ಲಿ ಕಣ್ಣು ಕಾಣದಿದ್ದಾಗ ಇದು ಬಹಳ ಮುಖ್ಯ.

ದೊಡ್ಡ ಕಟ್ಟಡಗಳಲ್ಲಿ ಹೊಗೆ ಎಷ್ಟು ಅಪಾಯಕಾರಿ ಎನ್ನುವುದನ್ನು ನಮ್ಮ ರಾಜ್ಯ ಈಗಾಗಲೇ ನೋಡಿದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಕಾರ್ಲ್‌ಟನ್ ಟವರ್ಸ್ ಎಂಬ ವಾಣಿಜ್ಯ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಿತು. ವಿದ್ಯುತ್ ಕೇಬಲ್‌ಗಳು ಹಾದುಹೋಗುವ ಜಾಗದ ಮೂಲಕ ಹೊಗೆ ಮೇಲಿನ ಮಹಡಿಗಳಿಗೆ ತುಂಬಿಕೊಂಡಿತು. ಉಸಿರು ಕಟ್ಟಿದ ಕೆಲವರು ಕಿಟಕಿಯಿಂದ ಹಾರಿದರು. ಒಟ್ಟು 9 ಜನ ತೀರಿಕೊಂಡರು. ಇಂಥ ಜಾಗದಲ್ಲಿ ಯಾರು ಯಾವ ಮಹಡಿಯಲ್ಲಿದ್ದಾರೆ ಎಂದು ಒಳಗಿನವರು ಹೊರಗಿನವರಿಗೆ ತಿಳಿಸಬೇಕು.

ಸಿಗ್ನಲ್ ಏಕೆ ಸಿಗುವುದಿಲ್ಲ? ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್‌ನಷ್ಟು ಮಾತ್ರ. ಅದರ ರೇಡಿಯೋ ಅಲೆಗಳು ಬಯಲಿನಲ್ಲಿ ದೂರ ಹೋಗುತ್ತವೆ. ಕಾಂಕ್ರೀಟ್ ಗೋಡೆ ಅದರ ಒಂದು ಪಾಲನ್ನು ನುಂಗುತ್ತದೆ. ಕಬ್ಬಿಣದ ತಗಡು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಬೇಸ್‌ಮೆಂಟ್‌ನಲ್ಲಿ ಸುತ್ತಲಿನ ಮಣ್ಣೂ ಅಡ್ಡವಾಗುತ್ತದೆ. ಈ ನಷ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 3 ಡೆಸಿಬೆಲ್ ಕಡಿಮೆಯಾದರೆ ಶಕ್ತಿ ಅರ್ಧವಾಗುತ್ತದೆ, 10 ಆದರೆ ಹತ್ತನೇ ಒಂದು, 20 ಆದರೆ ನೂರನೇ ಒಂದು. ಹೀಗಾಗಿ ನಾಲ್ಕು ಗೋಡೆ ದಾಟುವಷ್ಟರಲ್ಲಿ ಮಾತು ಬರೀ ಗೊರಗೊರ ಸದ್ದಾಗಬಹುದು.

ಈಗ ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳನ್ನು ನೆನಪಿಸಿಕೊಳ್ಳಿ. ಬೆಲೆ ಬರುವವರೆಗೆ ಮೆಣಸಿನಕಾಯಿ ಚೀಲಗಳು ಅಲ್ಲಿ ತಿಂಗಳುಗಟ್ಟಲೆ ಇರುತ್ತವೆ. ತಂಪು ಹೊರಗೆ ಹೋಗಬಾರದೆಂದು ದಪ್ಪ ಗೋಡೆ, ಕಿಟಕಿ ಇರುವುದಿಲ್ಲ. ಹೊಸ ಮಾದರಿಯ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಎರಡು ತಗಡುಗಳ ನಡುವೆ ಫೋಮ್ ತುಂಬಿದ ಹಲಗೆಗಳನ್ನು ಗೋಡೆಗೆ ಬಳಸುತ್ತಾರೆ. ತಂಪನ್ನು ತಡೆಯುವ ಈ ಪೆಟ್ಟಿಗೆ ರೇಡಿಯೋ ಅಲೆಯನ್ನೂ ತಡೆಯುತ್ತದೆ. ಅಂಥ ಒಂದು ಕಡೆ ಹಮಾಲಿ ಮಾಡುವ ನಮ್ಮ ಮಾಮೂ, "ಒಳಗೆ ಹೋದರೆ ಫೋನ್ ಇದ್ದೂ ಇಲ್ಲದ ಹಾಗೆ" ಎನ್ನುತ್ತಾರೆ. ಒಗ್ಗರಣೆಯಲ್ಲಿ ನಾಲ್ಕು ಮೆಣಸಿನಕಾಯಿ ಸೀದರೇ ಮನೆಮಂದಿಯೆಲ್ಲ ಕೆಮ್ಮುತ್ತೇವೆ. ಸಾವಿರಾರು ಚೀಲ ಹೊತ್ತಿಕೊಂಡರೆ ಆ ಘಾಟಿನಲ್ಲಿ ದಾರಿ ಹುಡುಕುವವರ ಗತಿ ಏನು? ರಾಣೆಬೆನ್ನೂರು, ಹಾವೇರಿಗಳ ಮಾರುಕಟ್ಟೆಗಳಲ್ಲಿ ಬೇಸ್‌ಮೆಂಟ್‌ನಲ್ಲಿರುವ ಅಂಗಡಿ, ಗೋದಾಮುಗಳಿಗೂ ಇದೇ ಪ್ರಶ್ನೆ ಕೇಳಬೇಕು.

ಇದಕ್ಕೆ ಪರಿಹಾರವಿದೆ. ಮಹಡಿಯ ಮೇಲೆ ಒಂದು ಆಂಟೆನಾ ಇಟ್ಟು, ಅಲ್ಲಿಂದ ಕೇಬಲ್ ಎಳೆದು, ಪ್ರತಿ ಮಹಡಿಯ ಒಳಗೆ ಚಿಕ್ಕ ಆಂಟೆನಾಗಳನ್ನು ಕೂರಿಸುತ್ತಾರೆ. ನಡುವೆ ಇರುವ ಯಂತ್ರ ಕ್ಷೀಣವಾದ ಸಿಗ್ನಲ್ ಹಿಡಿದು, ಬಲ ಕೊಟ್ಟು ಮುಂದಕ್ಕೆ ಕಳಿಸುತ್ತದೆ. ಬೆಂಕಿ ಬಿದ್ದಾಗ ಮೊದಲು ಕರೆಂಟ್ ತೆಗೆಯುವುದರಿಂದ ಇದಕ್ಕೆ ಬ್ಯಾಟರಿ ಬೇಕೇ ಬೇಕು. ಸಿಕ್ಕ ಸಿಕ್ಕ ಬೂಸ್ಟರ್ ತಂದು ಹಾಕುವಂತಿಲ್ಲ. ಅನುಮತಿ ಇಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ, ಅದು ಬೇರೆಯವರ ಸಿಗ್ನಲ್ ಅನ್ನೂ ಕೆಡಿಸುತ್ತದೆ. ಅಮೆರಿಕದ ಅನೇಕ ಊರುಗಳು ಅನುಸರಿಸುವ ಇಂಟರ್‌ನ್ಯಾಷನಲ್ ಫೈರ್ ಕೋಡ್ ಪ್ರಕಾರ ಪ್ರತಿ ಮಹಡಿಯ ಶೇ. 95ರಷ್ಟು ಜಾಗದಲ್ಲಿ ಸಿಗ್ನಲ್ ಸಿಗಬೇಕು. ಮಹಡಿಯನ್ನು ಸುಮಾರು 20 ಸಮಭಾಗ ಮಾಡಿ, ಒಂದೊಂದು ಭಾಗದಲ್ಲೂ ನಿಂತು ಪರೀಕ್ಷಿಸುತ್ತಾರೆ.

ಯಂತ್ರ ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನ್ಯೂಯಾರ್ಕ್‌ನ ವಿಶ್ವ ವಾಣಿಜ್ಯ ಕೇಂದ್ರದಲ್ಲಿ 1993ರ ಬಾಂಬ್ ಸ್ಫೋಟದ ನಂತರ ಅಗ್ನಿಶಾಮಕರಿಗಾಗಿ ಇಂಥ ಯಂತ್ರ ಹಾಕಿದ್ದರು. 2001ರ ಸೆಪ್ಟೆಂಬರ್ 11ರಂದು ಅದರ ಎರಡು ಗುಂಡಿಗಳಲ್ಲಿ ಒಂದನ್ನು ಮಾತ್ರ ಒತ್ತಲಾಗಿತ್ತು. ಉತ್ತರದ ಕಟ್ಟಡದಲ್ಲಿದ್ದ ಅಧಿಕಾರಿಗಳು ಯಂತ್ರವೇ ಕೆಟ್ಟಿದೆ ಎಂದು ತಿಳಿದು ಅದನ್ನು ಬಿಟ್ಟುಬಿಟ್ಟರು. ದಕ್ಷಿಣದ ಕಟ್ಟಡದಲ್ಲಿ ಅದೇ ಯಂತ್ರದ ನೆರವಿನಿಂದ 78ನೇ ಮಹಡಿಯವರೆಗೆ ಹೋದವರು ಮಾತನಾಡಿದರು. ದಕ್ಷಿಣದ ಕಟ್ಟಡ ಕುಸಿದು 29 ನಿಮಿಷಗಳ ನಂತರ ಉತ್ತರದ್ದೂ ಕುಸಿಯಿತು. ಆ ನಡುವೆ ಹೊರಗೆ ಬರುವಂತೆ ಕೊಟ್ಟ ಆದೇಶ ಒಳಗಿದ್ದ ಅನೇಕರಿಗೆ ಕೇಳಿಸಲೇ ಇಲ್ಲ. ಆ ದಿನ ಒಟ್ಟು 343 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು.

ಖರ್ಚು ಯಾರದು ಎಂಬುದು ನಮ್ಮ ಕಾಮರ್ಸ್ ವಿದ್ಯಾರ್ಥಿಗಳ ಪ್ರಶ್ನೆ. ವಿಮೆಯ ಪಾಠದಲ್ಲಿ ನಷ್ಟ ತಗ್ಗಿಸುವ ತತ್ವ ಓದಿದ್ದೇವೆ: ವಿಮೆ ಮಾಡಿಸಿದವನು ವಿಮೆ ಇದೆಯಲ್ಲ ಎಂದು ಕೈಕಟ್ಟಿ ಕೂರಬಾರದು, ನಷ್ಟ ಕಡಿಮೆ ಮಾಡಲು ತನ್ನ ಕೈಲಾದದ್ದನ್ನು ಮಾಡಬೇಕು. ಸುಟ್ಟ ಸರಕಿಗೆ ವಿಮೆ ಹಣ ಬರಬಹುದು. ಒಳಗೆ ಸಿಕ್ಕಿಕೊಂಡ ಹಮಾಲನನ್ನಾಗಲಿ, ಅವನನ್ನು ಕರೆತರಲು ಹೋದ ಸಿಬ್ಬಂದಿಯನ್ನಾಗಲಿ ಯಾವ ಪಾಲಿಸಿಯೂ ಮರಳಿ ತರುವುದಿಲ್ಲ. ಬಾಡಿಗೆಯ ಲಾಭ ಪಡೆಯುವ ಮಾಲೀಕರು ಈ ಖರ್ಚನ್ನೂ ಕಟ್ಟಡದ ಲೆಕ್ಕದಲ್ಲೇ ಸೇರಿಸಬೇಕು. ಕಟ್ಟುವಾಗಲೇ ಕೇಬಲ್ ಹಾಕಿದರೆ ಆಮೇಲೆ ಗೋಡೆ ಒಡೆಯುವ ಖರ್ಚು ಉಳಿಯುತ್ತದೆ.

ಪರೀಕ್ಷಿಸಿ ನೋಡಲು ಮಾತ್ರ ಹೆಚ್ಚು ಹಣ ಬೇಕಿಲ್ಲ. ಅಗ್ನಿಶಾಮಕ ಠಾಣೆಯವರು ಅಣಕು ಪ್ರದರ್ಶನಕ್ಕೆ ಕಾಲೇಜಿಗೋ ಮಾರುಕಟ್ಟೆಗೋ ಬಂದಾಗ ಸಾಮಾನ್ಯವಾಗಿ ಅಂಗಳದಲ್ಲೇ ಬೆಂಕಿ ಆರಿಸಿ ತೋರಿಸುತ್ತಾರೆ. ಅದರ ಜೊತೆಗೆ ಒಬ್ಬರು ಬೇಸ್‌ಮೆಂಟ್, ಮೆಟ್ಟಿಲ ಕೆಳಗೆ, ಕೊನೆಯ ಕೋಣೆ ಹೀಗೆ ಒಂದೊಂದು ಕಡೆ ನಿಂತು ವಾಕಿಟಾಕಿಯಲ್ಲಿ ಮಾತನಾಡಲಿ, ಇನ್ನೊಬ್ಬರು ವಾಹನದ ಹತ್ತಿರ ನಿಂತು ಕೇಳಲಿ. ಕೇಳಿಸದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿ, ಒಂದು ಪ್ರತಿ ಮಾಲೀಕರಿಗೆ, ಒಂದು ಠಾಣೆಗೆ ಕೊಡಬಹುದು. ನಮ್ಮ ಕಾಲೇಜಿನಿಂದಲೇ ಇದನ್ನು ಶುರು ಮಾಡೋಣ ಎಂದು ಪ್ರಿನ್ಸಿಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ.